ದಾಖಲೆಯಿಲ್ಲದ ವಿದ್ಯಾರ್ಥಿಯ ದಾರಿ ಮತ್ತು ದುಡ್ಡು

ಪ್ರಶ್ನೆ: ಅಮೆರಿಕದಲ್ಲಿ ನಿವಾಸದ ದಾಖಲೆಯಿಲ್ಲದ ವಿದ್ಯಾರ್ಥಿಗಳು ದೇಶದೊಳಗಿನ ಪ್ರಯಾಣಕ್ಕೂ ಅಂಜುವುದೇಕೆ? ವೃತ್ತಿಶಿಕ್ಷಣದ ವೆಚ್ಚವನ್ನು ಅವರು ಹೇಗೆ ಭರಿಸುವರು?

ಉತ್ತರ: ಶೈಶವದಲ್ಲಿಯೇ ತಂದೆತಾಯಿಗಳೊಡನೆ ಬಂದು ಅಲ್ಲಿಯೇ ಅಕ್ಷರ ಕಲಿತ ಈ ತರುಣರಿಗೆ, 1982ರ ಪ್ಲೈಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಶಾಲಾಶಿಕ್ಷಣದ ಹಕ್ಕನ್ನು ಎತ್ತಿಹಿಡಿಯಿತಾದರೂ, ಆ ರಕ್ಷಣೆಯು ಕಾಲೇಜಿನ ಹೊಸ್ತಿಲನ್ನು ದಾಟುವುದಿಲ್ಲ. ಇನ್ನು ಪ್ರಯಾಣದ ಅಂಜಿಕೆಗೆ ಕಾರಣವಿದು: ಗಡಿಯಿಂದ ನೂರು ಮೈಲಿಯೊಳಗೆ ಗಡಿಗಸ್ತಿನವರಿಗೆ ತಡೆದು ವಿಚಾರಿಸುವ ವಿಶೇಷಾಧಿಕಾರವುಂಟು. ಟೆಕ್ಸಾಸಿನ ದಕ್ಷಿಣತುದಿಯ ರಿಯೊ ಗ್ರಾಂಡೆ ಕಣಿವೆಯಿಂದ ಉತ್ತರಾಭಿಮುಖವಾಗಿ ಹೊರಟವನು ಫಾಲ್ಫುರಿಯಸ್ಸಿನಂತಹ ತನಿಖಾ ಠಾಣ್ಯದಲ್ಲಿ ಪೌರತ್ವದ ಪ್ರಶ್ನೆಗೆ ಉತ್ತರವೀಯಬೇಕಾಗುವುದು. ವಿಮಾನವೇರಲು ಸ್ವದೇಶದ ಪಾಸ್‌ಪೋರ್ಟು ಗುರುತಿಗೆ ಸಾಲುವುದೇ ಹೊರತು ನಿವಾಸದ ಹಕ್ಕಿಗೆ ಪ್ರಮಾಣವಾಗದು. ಆದುದರಿಂದ ಪ್ರವೇಶಸಂದರ್ಶನಕ್ಕೆ ದೂರದ ಊರಿಗೆ ಹೋಗುವುದೂ ಅವರಿಗೆ ಗಂಭೀರವಾದ ಗಣನೆಯ ವಿಷಯವಾಗಿದೆ.

ವೆಚ್ಚದ ಸಮಸ್ಯೆಯು ಇನ್ನೂ ಜಟಿಲವಾದುದು. ಕೇಂದ್ರಸರ್ಕಾರದ ವಿದ್ಯಾರ್ಥಿಸಾಲವು ಇವರಿಗೆ ನಿಷಿದ್ಧ. ಖಾಸಗಿ ಬ್ಯಾಂಕುಗಳು ಸಾಮಾನ್ಯವಾಗಿ ಪೌರನಾದ ಜಾಮೀನುದಾರನನ್ನು ಅಪೇಕ್ಷಿಸುವುವು. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ಮಾತ್ರ ಸ್ವಂತ ಬೊಕ್ಕಸದಿಂದ ನೆರವೀಯುತ್ತವೆ. ಬಾಲ್ಯದಲ್ಲಿ ಬಂದವರಿಗಾಗಿ ಕೇಂದ್ರಸರ್ಕಾರವು 2012ರಲ್ಲಿ ತಂದ ಡಾಕಾ (DACA) ಎಂಬ ಯೋಜನೆಯಿಂದ ತಾತ್ಕಾಲಿಕ ರಕ್ಷಣೆಯನ್ನೂ ಉದ್ಯೋಗದ ಅನುಮತಿಯನ್ನೂ ಪಡೆದವರನ್ನು ಷಿಕಾಗೋ ಸಮೀಪದ ಲೊಯೋಲಾ ವಿಶ್ವವಿದ್ಯಾನಿಲಯದ ಸ್ಟ್ರಿಚ್ ವೈದ್ಯಕೀಯ ಕಾಲೇಜು ಮರುವರ್ಷವೇ ಬಹಿರಂಗವಾಗಿ ಆಹ್ವಾನಿಸಿ, ವೈದ್ಯರ ಅಭಾವವಿರುವ ಪ್ರದೇಶಗಳಲ್ಲಿ ಮುಂದೆ ಸೇವೆಸಲ್ಲಿಸಬೇಕೆಂಬ ನಿಬಂಧನೆಯ ಮೇಲೆ ಇಲಿನಾಯ್ ರಾಜ್ಯದ ಸಂಸ್ಥೆಯಿಂದ ಸಾಲವನ್ನು ಒದಗಿಸಿತು.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿ, ಆಗಾಗ್ಗೆ ಬದಲಾಗುತ್ತಲೂ ಇರುವುದರಿಂದ, ಇಂತಹ ಪರಿಸ್ಥಿತಿಯಲ್ಲಿರುವವರು ಟಿಕೆಟ್ಟು ಕೊಳ್ಳುವ ಮೊದಲೇ ವಲಸೆಕಾನೂನಿನ ವಕೀಲರನ್ನು ಕಾಣುವುದು ಲೇಸು.