ಕಾಲೂರಿದರೆ ದಂಡ

ಮೊಣಕಾಲಿನದೋ ಭುಜದ್ದೋ ಹಳೆಯ ಎಕ್ಸ್‌ರೇ ಮನೆಯಲ್ಲಿ ಬಿದ್ದಿದ್ದರೆ ಕಾಮಾಕ್ಷಿಪಾಳ್ಯದ ಈ ಮೇಸ್ತ್ರಿಗೆ ಅದು ಬೇಕು. ಫಿಲ್ಮನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದು ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿಟ್ಟುಕೊಳ್ಳುತ್ತಾರೆ. ಕೆಸರಲ್ಲಿ ಹೊರಳಾಡಿ ಬಂದ ಬೈಕಿನ ಮುಂದಿನ ಫೋರ್ಕಿನಿಂದ ಆಯಿಲ್ ಒಸರುತ್ತಿದ್ದರೆ ಹೆಚ್ಚಿನವರು ಸೀಲ್ ಹೋಯಿತೆಂದು ಹೊಸದು ಹಾಕಿಸುತ್ತಾರೆ. ಇವರು ಹಾಗಲ್ಲ. ಮೇಲಿನ ಡಸ್ಟ್ ಸೀಲನ್ನು ಸ್ಕ್ರೂಡ್ರೈವರಿನಿಂದ ನಾಜೂಕಾಗಿ ಎಬ್ಬಿಸಿ, ಫಿಲ್ಮಿನ ಪಟ್ಟಿಯನ್ನು ಆಯಿಲ್ ಸೀಲಿನ ತುಟಿಗೂ ಕೊಳವೆಗೂ ನಡುವೆ ತೂರಿಸಿ, ಸುತ್ತ ಒಂದು ಸಲ ಎಳೆಯುತ್ತಾರೆ. ಕೊಕ್ಕೆಗೆ ಸಿಕ್ಕಿ ಒಂದೆರಡು ಕಾಳು ಮರಳು ಹೊರಬರುತ್ತದೆ. ಒರೆಸಿ, ಹ್ಯಾಂಡಲ್ ಹಿಡಿದು ನಾಲ್ಕು ಸಲ ಒತ್ತಿದರೆ ಸೋರಿಕೆ ನಿಂತಿರುತ್ತದೆ. ಯಾವಾಗಲೂ ನಿಲ್ಲುವುದಿಲ್ಲ, ಅದನ್ನೂ ಅವರೇ ಹೇಳುತ್ತಾರೆ. ಎಕ್ಸ್‌ರೇಗಳಿಗೆ ಮುಂಚೆ ಬರವಿರಲಿಲ್ಲವಂತೆ. ಗಾಡಿ ತರುವ ಹುಡುಗರೇ ತಮ್ಮ ಮುರಿದ ಮೂಳೆಗಳ ಚಿತ್ರಗಳನ್ನೂ ತಂದುಕೊಡುತ್ತಿದ್ದರು. ಈಗ ಆಸ್ಪತ್ರೆಯವರು ಎಲ್ಲವನ್ನೂ ಮೊಬೈಲಿಗೇ ಕಳಿಸುತ್ತಾರೆಂಬುದು ಅವರ ಕೊರಗು.

ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಲೇತ್ ಅಂಗಡಿಗಳ ಕಿರುಗುಟ್ಟುವ ಸದ್ದಿನ ನಡುವೆ ಈ ಗ್ಯಾರೇಜಿದೆ. ಬೋರ್ಡಿಲ್ಲ. ಮಣ್ಣು, ಕಲ್ಲು, ಗುಡ್ಡಗಳಲ್ಲಿ ಓಡಿಸುವ ಬೈಕುಗಳೇ ಇಲ್ಲಿನ ಮುಖ್ಯ ಗಿರಾಕಿಗಳು. ಡರ್ಟ್ ಬೈಕ್ ಎಂದರೆ ದಿಬ್ಬದಿಂದ ಹಾರುವ ಗಾಡಿಯೇ ನಮಗೆ ನೆನಪಾಗುವುದು. ಆದರೆ ಈ ಬೈಕುಗಳ ಕುಟುಂಬದಲ್ಲಿ ಟ್ರಯಲ್ಸ್ ಎಂಬ ಇನ್ನೊಂದು ಆಟವಿದೆ. ಅದರಲ್ಲಿ ಯಾರು ಮೊದಲು ತಲುಪಿದರು ಎಂಬ ಪ್ರಶ್ನೆಯೇ ಇಲ್ಲ. ಬಂಡೆ, ತೊರೆ, ಬೇರುಗಳ ನಡುವೆ ಹಗ್ಗ ಕಟ್ಟಿ ಗುರುತು ಮಾಡಿದ ಕಿರುದಾರಿಯನ್ನು ಕಾಲೂರದೆ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ಅಂಕ ದಂಡ, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ಊರಿದರೂ ಮೂರು. ಬಿದ್ದರೆ ಅಥವಾ ಗೆರೆ ದಾಟಿದರೆ ಐದು. ಕಡಿಮೆ ಅಂಕದವನೇ ಗೆದ್ದವನು. ಈ ಗಾಡಿಗೆ ಸೀಟೇ ಇರುವುದಿಲ್ಲ, ತೂಕ ಸುಮಾರು 70 ಕೆ.ಜಿ. ರಸ್ತೆ ಬೈಕಿನ ಟಯರಿಗೆ 28-30 ಪೌಂಡ್ ಗಾಳಿ ಹಾಕಿಸುವ ನಮಗೆ, ಇದರ ಹಿಂದಿನ ಟಯರಿಗೆ ನಾಲ್ಕೈದು ಪೌಂಡ್ ಸಾಕು ಎಂದರೆ ನಂಬುವುದು ಕಷ್ಟ. ಕಲ್ಲನ್ನು ಟಯರ್ ತಬ್ಬಿಕೊಳ್ಳಬೇಕು, ಅದಕ್ಕೆ.

ಸ್ಪೇನ್ ದೇಶದ ಟೋನಿ ಬೌ 2007ರಿಂದ ಒಳಾಂಗಣ, ಹೊರಾಂಗಣ ಎರಡೂ ವಿಶ್ವಪಟ್ಟಗಳನ್ನು ವರ್ಷ ತಪ್ಪದೆ ಬಾಚುತ್ತ ಬಂದವನು. ನಮ್ಮ ಪೇಟೆಯಲ್ಲಿ ನಿಜವಾದ ಟ್ರಯಲ್ಸ್ ಬೈಕ್ ಕಾಣುವುದೇ ಅಪರೂಪ. 2019ರಲ್ಲಿ ರಾಯಲ್ ಎನ್‌ಫೀಲ್ಡ್ ‘ಬುಲೆಟ್ ಟ್ರಯಲ್ಸ್’ ಎಂದು ಒಂದು ಗಾಡಿ ಬಿಟ್ಟಿತ್ತು. 1950ರ ದಶಕದಲ್ಲಿ ಜಾನಿ ಬ್ರಿಟನ್ ಬುಲೆಟ್ಟಿನಲ್ಲೇ ಟ್ರಯಲ್ಸ್ ಗೆದ್ದದ್ದರ ನೆನಪಿಗೆ. ಹೆಸರು ಚೆನ್ನಾಗಿತ್ತು, ತೂಕ 180 ಕೆ.ಜಿ. ದಾಟಿತ್ತು! ಹಾಗಾಗಿ ಪಶ್ಚಿಮ ಬೆಂಗಳೂರಿನ ಹುಡುಗರು ಈ ಆಟದ ವಿದ್ಯೆಯನ್ನು ಇರುವ ಗಾಡಿಯಲ್ಲೇ ಕಲಿಯುತ್ತಾರೆ. ಹೀರೋ ಎಕ್ಸ್‌ಪಲ್ಸ್ ಈಗ ಎಲ್ಲರ ಗಾಡಿ. ಅದಕ್ಕೂ ಹಿಂದಿನವರ ಪ್ರೀತಿ ಆರ್‌ಎಕ್ಸ್ 100ರ ಮೇಲೆ.

ಮೇಸ್ತ್ರಿಯ ಅರ್ಧ ದಿನ ಏರ್ ಫಿಲ್ಟರಿನಲ್ಲೇ ಕಳೆಯುತ್ತದೆ. ಮಣ್ಣಿಗೆ ಹೋಗುವ ಗಾಡಿಗೆ ಸ್ಪಂಜಿನ ಫಿಲ್ಟರ್ ಇರುತ್ತದೆ. ಅದನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವವರನ್ನು ಕಂಡರೆ ಅವರಿಗೆ ಸಿಟ್ಟು. ಪೆಟ್ರೋಲ್ ಸ್ಪಂಜಿನ ಅಂಟನ್ನು ತಿನ್ನುತ್ತದೆ, ಜೋಡಣೆ ಬಿಟ್ಟ ಕಡೆ ಧೂಳು ನುಗ್ಗುತ್ತದೆ. ಮೊದಲು ಫಿಲ್ಟರ್ ಕ್ಲೀನರಿನಲ್ಲಿ ನೆನೆಸಬೇಕು, ಆಮೇಲೆ ಬೆಚ್ಚನೆಯ ಸೋಪಿನ ನೀರಲ್ಲಿ ಒತ್ತಿ ಒತ್ತಿ ತೊಳೆಯಬೇಕು. ಹಿಂಡಬಾರದು, ತಿರುಚಲೇಬಾರದು, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನೆರಳಲ್ಲಿ ಒಣಗಿಸಿ, ಅಂಟಂಟಾದ ಫಿಲ್ಟರ್ ಆಯಿಲನ್ನು ಹಚ್ಚಿ, ದೋಸೆಹಂಚಿಗೆ ಎಣ್ಣೆ ಸವರುವಂತೆ ಎಲ್ಲ ಕಡೆಗೂ ಒಂದೇ ಸಮ ಹರಡಬೇಕು. ಅಂಚಿಗೆ ಗ್ರೀಸ್. ಕೂರಿಸುವ ಮುಂಚೆ ಇಂಜಿನ್ ಕಡೆಯ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಬೆರಳಿಗೆ ಕೆಂಪು ಪುಡಿ ಅಂಟಿದ್ದರೆ ಮುಖ ಗಂಟು. ಆ ಪುಡಿ ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ಮಧ್ಯೆ ಸೇರಿ ಉಜ್ಜುತ್ತದೆ, ಕಂಪ್ರೆಷನ್ ಇಳಿಯುತ್ತದೆ. ಹಾಗಾದಮೇಲೆ ಬೋರ್ ಮಾಡಿಸುವುದೊಂದೇ ದಾರಿ. ‘ಐದು ನಿಮಿಷದ ಸೋಮಾರಿತನಕ್ಕೆ ಐದು ಸಾವಿರದ ಬಿಲ್ಲು’ ಎನ್ನುತ್ತ ಅವರು ಬೆರಳು ಒರೆಸಿಕೊಳ್ಳುತ್ತಾರೆ.

ಇನ್ನೆರಡು ಸಂಗತಿ. ಕ್ಲಚ್, ಬ್ರೇಕ್ ಲಿವರುಗಳ ಹಿಡಿಕೆಯನ್ನು ಅವರು ಪೂರ್ತಿ ಬಿಗಿಯುವುದಿಲ್ಲ. ಬಿದ್ದಾಗ ಲಿವರ್ ತಿರುಗಬೇಕು, ಮುರಿಯಬಾರದು. ಚಕ್ರದ ಸ್ಪೋಕುಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ಕೇಳುತ್ತಾರೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಡಬ್ ಎನ್ನುತ್ತದೆ. ಚೈನು, ಬೇರಿಂಗು, ಆಯಿಲ್ ಇವೆಲ್ಲ ಎಲ್ಲ ಗಾಡಿಗೂ ಇದ್ದದ್ದೇ.

ಅವರು ಕೆಲಸ ಕಲಿತದ್ದು ಯೆಜ್ಡಿಯ ಮೇಲೆ. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಆಮೇಲೆ ಯೆಜ್ಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಲಿವರೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಮೂಲದ ಚೆಕ್ ದೇಶದಲ್ಲಿ ಇದೇ ಮನೆತನದ ಗಾಡಿಗಳು ಕಾಡುಮೇಡಿನ ಪಂದ್ಯಗಳಲ್ಲಿ ದೊಡ್ಡ ಹೆಸರು ಮಾಡಿದ್ದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಎರಡೂ ಟೂ ಸ್ಟ್ರೋಕ್. ಬಿಡಿಭಾಗ ಸಿಗದಿದ್ದಾಗ ಕೈಹಿಡಿದದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್ ಮತ್ತು ಕಾಮಾಕ್ಷಿಪಾಳ್ಯದ ಲೇತ್‌ಗಳು. ಬುಷ್ಷು, ಪಿನ್ನು, ಸ್ಪ್ರಾಕೆಟ್ಟು, ಏನು ಕೇಳಿದರೂ ಹಳೆಯದನ್ನು ನೋಡಿ ಹೊಸದು ಕಡೆದುಕೊಡುವವರು ಇಲ್ಲಿದ್ದರು. ಬೆಂಗಳೂರಿನ ಮಣ್ಣಿನ ರೇಸಿನ ಚರಿತ್ರೆ ಯಾರಾದರೂ ಬರೆದರೆ ಈ ಲೇತ್ ಕೆಲಸಗಾರರಿಗೆ ಒಂದು ಅಧ್ಯಾಯ ಸಲ್ಲಬೇಕು.

ಆ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಿಗೆ ಕೊರತೆಯಿಲ್ಲ. 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಹಾಗೆ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರ ಎನಿಸಿಕೊಂಡ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2013ರಲ್ಲಿ ಅಬುಧಾಬಿಯ ಮರಳಿನಲ್ಲಿ ಬೈಕಿಗೆ ಬೆಂಕಿ ಹೊತ್ತಿ ಕುತ್ತಿಗೆ ಸುಟ್ಟುಕೊಂಡ ಮೇಲೂ ಅವರು ಬಿಡಲಿಲ್ಲ. 2021ರಲ್ಲಿ ಸೌದಿಯಲ್ಲಿ ಬಿದ್ದು ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ ಎದ್ದು ಬಂದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಡಕಾರ್ ರ‍್ಯಾಲಿಯಲ್ಲಿ 37ನೆಯವರಾದರು. ಮನೆಮನೆಗೆ ಅವರು ಗೊತ್ತಾದದ್ದು ಮಾತ್ರ ಬಿಗ್ ಬಾಸ್‌ನಿಂದ! ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ಪಟ್ಟ ಗೆದ್ದು ತಂದರು.

ಇವರೆಲ್ಲ ವೇಗದವರು. ನನಗೆ ಸೋಜಿಗವೆನಿಸಿದ್ದು ನಿಧಾನದ ಸವಾರಿ. ಭಾನುವಾರ ಬೆಳಗ್ಗೆ ಕೆಂಪೇಗೌಡ ಬಡಾವಣೆಯ ಮನೆ ಏಳದ ಒಂದು ತುದಿಯಲ್ಲಿ ವಿಜಯನಗರದ ಹುಡುಗನೊಬ್ಬ ಜಲ್ಲಿ ರಾಶಿ ಹತ್ತುವುದನ್ನು ಕಲಿಯುತ್ತಿದ್ದ. ಫುಟ್‌ರೆಸ್ಟಿನ ಮೇಲೆ ನಿಂತಿದ್ದಾನೆ, ಮಂಡಿಗಳು ಸಡಿಲ, ಎಡಗೈಯ ಒಂದೇ ಬೆರಳು ಕ್ಲಚ್ಚಿನ ಮೇಲೆ. ಗಾಡಿ ನಡೆಯುವವನಿಗಿಂತ ನಿಧಾನ. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿದರೆ ಮೈ ಇನ್ನೊಂದು ಕಡೆ. ಮೂರನೆಯ ಕಲ್ಲಿಗೆ ಬರುವಷ್ಟರಲ್ಲಿ ಕಾಲು ಊರಿದ, ತಾನೇ ‘ಒಂದು’ ಎಂದು ಕೂಗಿ ಹಿಂದಕ್ಕೆ ಹೋದ. ಅಂಕ ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಆ ಬಡಾವಣೆಯೂ ತುಂಬುತ್ತಿದೆ. ತುರಹಳ್ಳಿ ಅರಣ್ಯಕ್ಕೆ ಗಾಡಿ ಇಳಿಸುವುದು ತಪ್ಪು, ಇಳಿಸಲೂಬಾರದು, ನವಿಲುಗಳಿಗೆ ಉಳಿದಿರುವುದೇ ಅಷ್ಟು ಜಾಗ. ಕೆರೆಯಂಗಳಗಳಿಗೆ ಬೇಲಿ ಬಿದ್ದಿದೆ, ಅದೂ ಸರಿಯೇ. ಆದರೆ ತಾವರೆಕೆರೆ, ಮಾಗಡಿ ಕಡೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ. ಟ್ರಯಲ್ಸ್‌ಗೆ ರೇಸ್ ಟ್ರ್ಯಾಕಿನಷ್ಟು ಜಾಗ ಬೇಡ, ಡಾಂಬರು ಬೇಡ, ಗ್ಯಾಲರಿ ಬೇಡ. ನೀರು ನಿಲ್ಲದ ಅರ್ಧ ಎಕರೆ ಬಂಡೆ ಮತ್ತು ಒಂದು ಹಗ್ಗದ ಸುರುಳಿ ಇದ್ದರೆ ಆಟ ಶುರು. ಮೋಟರ್ ಕ್ರೀಡೆಗಳಲ್ಲೇ ಇಷ್ಟು ಕಡಿಮೆ ಕೇಳುವ ಆಟ ಇನ್ನೊಂದಿರಲಾರದು. ಈಗ ಬ್ಯಾಟರಿಯ ಟ್ರಯಲ್ಸ್ ಬೈಕುಗಳೂ ಬಂದಿವೆ, ಸದ್ದಿನ ತಕರಾರೂ ಇಲ್ಲ. ಯಾವುದಾದರೂ ಪಂಚಾಯಿತಿ ಒಂದು ಕ್ವಾರಿಯನ್ನು ಬಿಟ್ಟುಕೊಟ್ಟು ನೋಡಬಹುದು.

ಸದ್ಯಕ್ಕೆ, ಸರಿಯಾದ ಜಾಗದಲ್ಲಿ ಕಲಿಯಬೇಕೆನ್ನುವವರು ಸಂತೋಷ್ ಕೋಲಾರದ ಬಳಿ ಕಟ್ಟಿರುವ ಬಿಗ್‌ರಾಕ್ ಡರ್ಟ್ ಪಾರ್ಕಿಗೆ ಹೋಗುತ್ತಾರೆ. ಕೆಂಗೇರಿಯಿಂದ ಅದು ಊರಿನ ಇನ್ನೊಂದು ತುದಿಗಿಂತಲೂ ಆಚೆ. ಟಾಟಾ ಏಸ್‌ನಲ್ಲಿ ಬೈಕ್ ಹೇರಿಕೊಂಡು ಬೆಳಕು ಹರಿಯುವ ಮೊದಲೇ ಹೊರಡಬೇಕು, ಏಸಿನ ಬಾಡಿಗೆ ಬೈಕಿನ ಪೆಟ್ರೋಲಿಗಿಂತ ಎಷ್ಟೋ ಪಟ್ಟು. ವಿಜಯನಗರದ ಹುಡುಗ ಇನ್ನೂ ಹೋಗಿಲ್ಲ. ಮುಂದಿನ ತಿಂಗಳು ಸಂಬಳ ಬಂದಮೇಲೆ ನೋಡೋಣ ಅಂದ.