ಧಾನ್ಯದ ಅಂಕುಶವನ್ನು ಸಡಿಲಿಸಿದ ಬಗೆ

ಯಾದಗಿರಿಯ ಸಮೀಪದ ರಾಮಸಮುದ್ರವು ನಿಜಾಮರ ಆಳಿಕೆಗೆ ಸೇರಿದ್ದ ಕಾಲದಲ್ಲಿ, ಎರಡನೆಯ ಮಹಾಯುದ್ಧದ ದೆಸೆಯಿಂದ ಆ ಸೀಮೆಯ ರೈತರ ಮೇಲೆ ಲೇವಿ ಬಂದಿತು. ಬೆಳೆದುದರಲ್ಲಿ ಇಂತಿಷ್ಟನ್ನು ಸರ್ಕಾರವು ತಾನೇ ಗೊತ್ತುಮಾಡಿದ ದರಕ್ಕೆ ಒಪ್ಪಿಸಬೇಕಾಗಿತ್ತು. 1943ರ ಬಂಗಾಳದ ಕ್ಷಾಮವನ್ನು ಬಲ್ಲವರು ಇಂತಹ ಅಂಕುಶವನ್ನು ಕೇವಲ ದಬ್ಬಾಳಿಕೆಯೆಂದು ತಳ್ಳಿಹಾಕಲಾರರು. ಆದರೆ ಬಡವನ ಕಣಜವು ಮೊದಲು ಬರಿದಾದುದೂ, ಬಲ್ಲಿದನ ಹಗೇವು ಮುಚ್ಚಿಯೇ ಉಳಿದುದೂ ಅಷ್ಟೇ ನಿಜ.

ಅಂಕುಶವನ್ನು ತೆಗೆಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ತೆಗೆಯುವ ಕ್ರಮದಲ್ಲಿಯೇ ಎಲ್ಲವೂ ಅಡಗಿದೆ. 1947ರ ಕೊನೆಯಲ್ಲಿ ಮಹಾತ್ಮರು ನಿಯಂತ್ರಣವನ್ನು ಬಲವಾಗಿ ವಿರೋಧಿಸಿದರು. ಧಾನ್ಯನೀತಿ ಸಮಿತಿಯು ಮೆಲ್ಲಮೆಲ್ಲನೆ ಕಡಿಮೆಮಾಡಿರೆಂದು ಸಲಹೆಯಿತ್ತಿತ್ತು. ದೆಹಲಿಯ ಸರ್ಕಾರವು ಡಿಸೆಂಬರಿನಲ್ಲಿ ಕಟ್ಟನ್ನು ಬಿಚ್ಚಿತು. ಉಗ್ರಾಣದಲ್ಲಿ ಸಾಕಷ್ಟು ಧಾನ್ಯವಿರಲಿಲ್ಲ. ಸಗಟು ಬೆಲೆಯ ಸೂಚಿಯು ಸುಮಾರು 300ರಿಂದ ಮರುವರ್ಷದ ಜುಲೈ ವೇಳೆಗೆ 390ರ ಸಮೀಪಕ್ಕೆ ಏರಿತು. 1948ರಲ್ಲಿಯೇ ಅಂಕುಶವು ಮರಳಿ ಬಂದಿತು.

ಅದೇ ಕಾರ್ಯವನ್ನು ರಫಿ ಅಹಮದ್ ಕಿದ್ವಾಯಿಯವರು 1952ರಲ್ಲಿ ಆಹಾರ ಮಂತ್ರಿಗಳಾದ ಮೇಲೆ ಬೇರೆ ಬಗೆಯಿಂದ ಮಾಡಿದರು. ಸರ್ಕಾರದ ಕೈಯಲ್ಲಿ ದಾಸ್ತಾನನ್ನು ಇಟ್ಟುಕೊಂಡು, ಪ್ರಾಂತದಿಂದ ಪ್ರಾಂತಕ್ಕೆ, ಧಾನ್ಯದಿಂದ ಧಾನ್ಯಕ್ಕೆ ಬಿಡುತ್ತ ಹೋದರು. ಒಳ್ಳೆಯ ಮಳೆಯೂ ನೆರವಾಯಿತೆನ್ನಬೇಕು. ಮಂತ್ರಿಗಳಿಗೂ ಅದೃಷ್ಟ ಬೇಕಷ್ಟೆ! 1954ರ ಜುಲೈನಲ್ಲಿ ಅಕ್ಕಿಯ ನಿಯಂತ್ರಣವೂ ಹೋಯಿತು.

ಪೇಟೆಯನ್ನು ತೆರೆದ ಮಾತ್ರಕ್ಕೆ ರೈತನು ಸ್ವತಂತ್ರನಾಗುವನೆ? ಸುಗ್ಗಿಯ ಮರುದಿನವೇ ಸಾಲಗಾರನು ಬಾಗಿಲಲ್ಲಿ ನಿಂತರೆ, ಅಡತಿಯವನು ಹೇಳಿದುದೇ ಬೆಲೆ. ಹೈದರಾಬಾದು ಸಂಸ್ಥಾನವು 1930ರಲ್ಲಿಯೇ ಕೃಷಿ ಪೇಟೆಯ ಕಾನೂನನ್ನು ಮಾಡಿತ್ತು. ಕರ್ನಾಟಕದ ಕಾನೂನು 1966ರದು. 2014ರಲ್ಲಿ ರಾಜ್ಯವು ಪೇಟೆಗಳನ್ನು ಒಂದೇ ಹರಾಜು ಯಂತ್ರಕ್ಕೆ ಜೋಡಿಸತೊಡಗಿ, ಪರವೂರಿನ ವರ್ತಕನೂ ಬೆಲೆ ಕೂಗುವಂತೆ ಮಾಡಿತು. ಇದು ಕಿದ್ವಾಯಿಯವರ ಜಾಡು. 2020ರಲ್ಲಿ ಕೇಂದ್ರವು ಪೇಟೆಯ ಹೊರಗಿನ ವ್ಯಾಪಾರವನ್ನು ಒಮ್ಮೆಗೇ ಬಿಟ್ಟುಕೊಟ್ಟುದು 1947ರ ಜಾಡು; 2021ರ ನವೆಂಬರಿನಲ್ಲಿ ಸಂಸತ್ತು ಆ ಕಾನೂನುಗಳನ್ನು ಹಿಂತೆಗೆದುಕೊಂಡಿತು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇಷ್ಟೆ: ರಾಮಸಮುದ್ರದ ರೈತನ ತೊಗರಿಯನ್ನು ಎರಡು ತಿಂಗಳು ಕಾದಿರಿಸಲು ಒಂದು ಉಗ್ರಾಣವನ್ನೂ, ಆ ಚೀಟಿಯ ಮೇಲೆ ಸಾಲವನ್ನೂ ಮೊದಲು ಒದಗಿಸಿರಿ; ಬಾಗಿಲನ್ನು ಆಮೇಲೆ ತೆರೆಯಿರಿ.