ಮಾಳಿಗೆ ನೋಡುವ ಮೊದಲು ಬಿಲ್ ನೋಡಿ

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಶಾಖೋತ್ಪನ್ನ ಸ್ಥಾವರ ಇದೆ. 800 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. ಅದೇ ಬಸವನ ಬಾಗೇವಾಡಿ ಸೀಮೆಯ ಊರು ಇಂಗಳೇಶ್ವರ. ಕರೆಂಟ್ ಹುಟ್ಟುವ ಸೀಮೆಯೇ ಆದರೂ ಗಾಳಿ ಮಳೆಗೆ ತಂತಿ ಹರಿದ್ರೆ ಮನೆ ಕತ್ತಲೇ ಅಲ್ವಾ?

ಇಂಥ ಹೊತ್ತಲ್ಲೇ ಸೋಲಾರ್ ಮಾರುವವನು ಬಾಗಿಲಿಗೆ ಬಂದ ಅಂದುಕೊಳ್ಳಿ. "ಯಜಮಾನ್ರ, ಮೂರು ಕಿಲೋವ್ಯಾಟ್ ಹಾಕಿಸಿಬಿಡ್ರಿ. ಸರ್ಕಾರ 78 ಸಾವಿರ ಸಬ್ಸಿಡಿ ಕೊಡ್ತೈತಿ. ಇನ್ನ ಕರೆಂಟ್ ಹೋಗೂ ಚಿಂತಿನ ಇಲ್ಲ!"

ಸಬ್ಸಿಡಿ ಮಾತು ನಿಜ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕಿಂತ ಹೆಚ್ಚಿದ್ದರೆ 78 ಸಾವಿರ ರೂಪಾಯಿ. ಆದರೆ ಈ ಹಣ ಮೊದಲೇ ಕೈಗೆ ಬರೋದಿಲ್ಲ. ಪ್ಯಾನೆಲ್ ಕೂತು, ತಪಾಸಣೆ ಮುಗಿದು, ನೆಟ್ ಮೀಟರ್ ಬಂದಮೇಲೆ ಬ್ಯಾಂಕ್ ಖಾತೆಗೆ ಬರುತ್ತೆ.

ಕರೆಂಟ್ ಹೋಗೋದಿಲ್ಲ ಅನ್ನೋ ಮಾತು ಮಾತ್ರ ಸುಳ್ಳು. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತೆ. ನಡುಹಗಲು ಸುಡುಬಿಸಿಲಿದ್ದರೂ ಅಷ್ಟೇ. ಯಾಕೆ? ಕಂಬ ಹತ್ತಿ ರಿಪೇರಿ ಮಾಡ್ತಿರೋ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹರಿದ ಕರೆಂಟ್ ಹೊಡೀಬಾರದಲ್ಲ! ಅದು ದೋಷ ಅಲ್ಲ, ರಕ್ಷಣೆ. ಆದರೆ ಇದನ್ನ ಹಣ ಕೊಡುವ ಮೊದಲೇ ತಿಳಿದಿರಬೇಕು.

ಹಾಗಾದ್ರೆ ಏನು ಮಾಡಬೇಕು? ಮೊದಲು ಹೆಸ್ಕಾಂ ಬಿಲ್ ತೆಗೀರಿ. ಒಂದು ವರ್ಷದ ಯೂನಿಟ್ ಕೂಡಿಸಿ, 12ರಿಂದ ಭಾಗಿಸಿ.

ತಿಂಗಳಿಗೆ 90 ಯೂನಿಟ್ ಬಂತಾ? ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಸರಾಸರಿಯೂ ಅಷ್ಟೇ ಇದ್ದರೆ, ಅದರ ಮೇಲೆ ಶೇ. 10 ಸೇರಿ 99 ಯೂನಿಟ್‌ವರೆಗೂ ನಿಮಗೆ ಉಚಿತ. ಸೊನ್ನೆ ಬಿಲ್ ಉಳಿಸೋದಕ್ಕೆ ಸಾಲ ಯಾಕೆ? ನಿಮ್ಮ ಕಷ್ಟ ಬಿಲ್ ಅಲ್ಲ, ಕತ್ತಲೆ. ಅದಕ್ಕೆ ಬೇಕಾದ್ದು ಬ್ಯಾಟರಿ.

ಅದರ ಲೆಕ್ಕ ಹೀಗೆ. ಎರಡು ಫ್ಯಾನ್ 150 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬ್ 36, ಟಿವಿ 64. ಒಟ್ಟು 250 ವ್ಯಾಟ್. ನಾಲ್ಕು ತಾಸು ಓಡಿದ್ರೆ ಒಂದು ಯೂನಿಟ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತೆ. ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕು ಅಂದ್ರೆ ಅರ್ಧ ಮಾತ್ರ ಬಳಸಬೇಕು. ಅಂದ್ರೆ ಸುಮಾರು ಮೂರು ತಾಸು. ಮಗಳ ಪರೀಕ್ಷೆ ಓದಿಗೆ ಒಂದು ಫ್ಯಾನ್, ಎರಡು ಬಲ್ಬ್ ಸಾಕು ಅಂದ್ರೆ ಇಡೀ ರಾತ್ರಿಯ ಹತ್ತಿರ ಬರುತ್ತೆ. ಒಳ್ಳೆ ಬಿಸಿಲಿದ್ದರೆ 330 ವ್ಯಾಟ್‌ನ ಒಂದೇ ಪ್ಯಾನೆಲ್ ದಿನಾ ಅದನ್ನ ತುಂಬಿಸುತ್ತೆ.

ಇನ್ನು ತಿಂಗಳಿಗೆ 250 ಯೂನಿಟ್ ಸುಡುವ ಮನೆ. 200 ದಾಟಿದ್ದಕ್ಕೆ ಪೂರ್ತಿ ಬಿಲ್ ಕಟ್ಟೋರು ಇವರು. ಇವರಿಗೆ ಆನ್‌ಗ್ರಿಡ್ ಲಾಭ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120 ಕೊಡುತ್ತೆ. ಅಂದ್ರೆ ಎರಡು ಕಿಲೋವ್ಯಾಟ್ ಸಾಕು, ಮೂರು ಬೇಡ. ಬಿಲ್ಲೂ ಇಳೀಬೇಕು, ಕತ್ತಲೂ ಹೋಗಬೇಕು ಅನ್ನೋರು ಹೈಬ್ರಿಡ್ ಕೇಳಿ. ಬ್ಯಾಟರಿಯ ಖರ್ಚು ಬೇರೆ ಬೀಳುತ್ತೆ.

ಕೊನೆಗೆ ಮಾಳಿಗೆ ಹತ್ತಿ. ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ, ದಕ್ಷಿಣಕ್ಕೆ ಮುಖ, ಬೇವಿನ ಮರದ್ದೂ ನೀರಿನ ಟ್ಯಾಂಕಿದ್ದೂ ನೆರಳು ಬೀಳಬಾರದು. ಹಳೇ ಮಣ್ಣಿನ ಮಾಳಿಗೆ ಆದ್ರೆ ಭಾರ ತಡೆಯುತ್ತಾ ಅಂತ ಮೇಸ್ತ್ರಿಯನ್ನ ಕೇಳಿ. ಬೇಸಿಗೆಯ ಧೂಳು ಕೂತ್ರೆ ಬೆಳಗ್ಗೆಯೇ ನೀರು ಹಾಕಿ ತೊಳೀರಿ.

ಮಾರುವವನು ಮತ್ತೆ ಬಂದ್ರೆ ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: "ಕರೆಂಟ್ ಹೋದಾಗ ಇದು ನಡಿತೈತೇನ್ರಿ? ಬರೆದು ಕೊಡ್ತೀರೇನು?" ಉತ್ತರ ಕಾಗದದ ಮೇಲೆ ಬಂದಮೇಲಷ್ಟೇ ಸಹಿ ಹಾಕಿ.